ಎಗರುವ ಗಾಡಿಯನ್ನು ಹಿಡಿದು ಕೂರಿಸುವುದು

ಬೆಳಿಗ್ಗೆ ಎದ್ದು ಹಸು ಕರೆದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಅಕ್ಕನ ಮಗಳ ಮದುವೆಗೆಂದು ತೆಗೆದಿಟ್ಟ ಅಕ್ಕಿಯಲ್ಲಿ ಉಳಿದಿದ್ದಷ್ಟನ್ನು ಕೇರಿ, ಕಲ್ಲು ಆರಿಸಿ, ಕೊನೆಯ ಮೂಟೆಯ ಬಾಯಿ ಹೊಲಿದೆ. ಒಣಗಲು ಹಾಕಿದ್ದ ಹುಣಿಸೆಹಣ್ಣನ್ನು ಮಗುಚಿದೆ. ಆಮೇಲೆ ಅಂಗಳದಲ್ಲಿದ್ದ ನಮ್ಮ ಪಿಕಪ್ ಗಾಡಿಯ ಮೂಲೆಯ ಮೇಲೆ ಎರಡೂ ಕೈ ಊರಿ, ಮೈಯ ಭಾರವನ್ನೆಲ್ಲ ಬಿಟ್ಟು ಒತ್ತಿ, ತಟ್ಟನೆ ಕೈ ತೆಗೆದೆ. ಗಾಡಿ ಒಮ್ಮೆ ತಗ್ಗಿತು, ಒಮ್ಮೆ ಎದ್ದಿತು, ಸುಮ್ಮನೆ ಕೂತಿತು. ಸಮಾಧಾನವಾಗಿ ಒಳಗೆ ಹೋಗಿ ರೊಟ್ಟಿ ತಟ್ಟಿದೆ.

ಮನೆಗೆಲಸದ ಸಾಲಿನಲ್ಲಿ ಇದೆಂಥ ಕೆಲಸ ಎಂದು ನೀವು ಕೇಳಬಹುದು. ಇದು ಶಾಕ್ ಅಬ್ಸಾರ್ಬರ್ ಪರೀಕ್ಷೆ. ನಮ್ಮ ಭೇರ್ಯದ ಕಡೆ ಅಷ್ಟುದ್ದ ಹೇಳುವ ವ್ಯವಧಾನ ಯಾರಿಗೂ ಇಲ್ಲ. ಶಾಕಬ್ಸರ್ ಅಂದರೆ ಆಯಿತು. ಗಾಡಿಯ ಕಮಾನು ಪಟ್ಟಿ ಹಳ್ಳಕ್ಕೆ ಬಿದ್ದು ಚಿಮ್ಮುತ್ತದಲ್ಲ, ಆ ಚಿಮ್ಮುವುದನ್ನು ಒಂದಕ್ಕೇ ನಿಲ್ಲಿಸುವ ಎಣ್ಣೆ ತುಂಬಿದ ಕೊಳವೆ ಅದು. ಒತ್ತಿ ಬಿಟ್ಟಾಗ ಗಾಡಿ ಎರಡು ಮೂರು ಸಲ ತಲೆಯಾಡಿಸಿತೆಂದರೆ ಅದರ ಕಥೆ ಮುಗಿಯಿತೆಂದು ಲೆಕ್ಕ. ನಾನು ನೆಲದಿಂದ ಏಳುವಾಗ ಈಚೆಗೆ ಮೂರು ಸಲವೇ ತೂಗಾಡುತ್ತೇನೆ. ನನ್ನ ಮಂಡಿಗೆ ಹಾಕುವ ಶಾಕಬ್ಸರ್ ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಗಾಡಿಯ ಜೊತೆ ಬಂದಿದ್ದ ಕಂಪನಿಯ ಶಾಕಬ್ಸರ್ ಜೋಡಿ ಎಣ್ಣೆ ಸೋರಿ ಸತ್ತಾಗ, ನಮ್ಮ ಯಜಮಾನರು ಮೈಸೂರಿಗೆ ಹೋಗಿ ಬೇರೆ ಯಾರೋ ತಯಾರಿಸಿದ್ದನ್ನು ತಂದು ಹಾಕಿಸಿದರು. ಅಕ್ಕನ ಗಂಡ, ಅಂದರೆ ನನ್ನ ಭಾವ, ಅದನ್ನು ಡೂಪ್ಲಿಕೇಟ್ ಎಂದು ಕರೆದು, ಒಂದು ಮಳೆಗಾಲವೂ ತಡೆಯುವುದಿಲ್ಲ ಎಂದು ಭವಿಷ್ಯ ನುಡಿದರು. ಅದಾದ ಮೇಲೆ ನಾಲ್ಕು ಮಳೆಗಾಲ ಬಂದುಹೋಗಿವೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೇಲು, ಎಚ್.ಡಿ. ಕೋಟೆ ಕಡೆಯ ಶುಂಠಿ, ಕೆ.ಆರ್. ನಗರದ ಭತ್ತ, ಎಲ್ಲರ ಹೊಲದ ಗೊಬ್ಬರ ಎಲ್ಲವನ್ನೂ ಅವು ಹೊತ್ತಿವೆ. ರಬ್ಬರ್ ಬುಷ್ ಬದಲಾಯಿಸಿದ್ದುಂಟು, ಸುಳ್ಳು ಹೇಳಬಾರದು. ಆದರೆ ಒಂದು ತೊಟ್ಟು ಎಣ್ಣೆ ಒಸರಿಲ್ಲ. ರಂಗೋಲಿ ಬಿಡುವಾಗ ಬಗ್ಗೇ ಇರುತ್ತೇನಲ್ಲ, ಹಾಗೇ ಗಾಡಿಯ ಅಡಿಗೂ ಒಂದು ಕಣ್ಣು ಹಾಕುತ್ತೇನೆ. ಕೊಳವೆಯ ಮೇಲಿನ ದೂಳು ಒಣಗಿ ಬೆಳ್ಳಗಿದ್ದರೆ ನನ್ನ ದಿನ ಚೆನ್ನಾಗಿ ಶುರುವಾಯಿತೆಂದೇ ಅರ್ಥ.

ಇವತ್ತಿನ ಪರೀಕ್ಷೆಗೆ ಕಾರಣವಿತ್ತು. ಅಕ್ಕನ ಮನೆ ಹುಣಸೂರು ದಾಟಿ ವೀರನಹೊಸಹಳ್ಳಿ ಕಡೆ. ಅಲ್ಲಿ ಮಡಕೆ ಮಾಡುವವರು ಕಸುಬು ಬಿಟ್ಟಿದ್ದಾರೆ. ಹಾಗಾಗಿ ಮದುವೆಯ ಐರಣಿ ಮಡಕೆಗಳನ್ನು, ಅದೇ ಸುಣ್ಣ ಬಳಿದು ಕೆಮ್ಮಣ್ಣಿನ ಗೆರೆ ಎಳೆದು ಹಸೆಯ ಮುಂದಿಡುವವನ್ನು, ನಮ್ಮೂರ ಕುಂಬಾರರ ಮನೆಯಿಂದ ಒಯ್ಯಬೇಕಿತ್ತು. ಅಕ್ಕನ ದೊಡ್ಡ ಮಗಳ ಮದುವೆಯಲ್ಲಿ ಬಾಡಿಗೆ ಗಾಡಿಯ ಕುಲುಕಾಟಕ್ಕೆ ಒಂದು ಮಡಕೆ ಬಿರುಕು ಬಿಟ್ಟಿತ್ತು. ಮಗಳು ಅಳಿಯ ಚೆನ್ನಾಗಿಯೇ ಇದ್ದಾರೆ. ಆದರೂ ಅವರ ಮನೆಯಲ್ಲಿ ಹಸು ಗಬ್ಬ ನಿಲ್ಲದಿದ್ದರೂ, ಪಂಪಿನ ಮೋಟಾರು ಸುಟ್ಟರೂ ಬೀಗಗಿತ್ತಿ ಆ ಮಡಕೆಯನ್ನೇ ನೆನೆಸುತ್ತಾರಂತೆ. ಈ ಸಲವೂ ಹಾಗಾದರೆ ಚಿಕ್ಕವಳೂ ಆ ಮಾತನ್ನು ಜೀವಮಾನವೆಲ್ಲ ಕೇಳಬೇಕು ಎಂದು ಅಕ್ಕ ವಾರದಿಂದ ಕಣ್ಣು ಮುಚ್ಚಿರಲಿಲ್ಲ.

ಯಜಮಾನರು ಮದುವೆ ಅಕ್ಕಿಯ ಮೂಟೆಗಳನ್ನು ಗಾಡಿಗೆ ಹೇರಿ, ಅದರ ಮೇಲೆ ಹುಲ್ಲು ಹಾಸಿ ತಯಾರಾಗಿದ್ದರು. ಅಕ್ಕನ ಜೊತೆ ಬಂದಿದ್ದ ಭಾವನಿಗೆ ಅದು ಸರಿಕಾಣಲಿಲ್ಲ.

"ಮಂಗಳಕಾರ್ಯದ ಮಡಕೆ ಕಣ್ರೀ, ಮೂಟೆ ಜೊತೆ ಯಾಕೆ? ಅಕ್ಕಿ ನಾಳೀಕೆ ಬರ್ಲಿ. ಗಾಡಿ ಅಗುರ ಇದ್ರೆ ಮೆತ್ಗೆ ಓಯ್ತದೆ."

"ಇಲ್ಲ ಕಣಣ್ಣ, ಬರೀ ಗಾಡಿ ಎಗರ್ತದೆ. ಮೇಲೆ ಭಾರ ಇದ್ರೇ ಕಮಾನು ಬಗ್ಗೋದು" ಎಂದರು ನಮ್ಮವರು.

ಮದುವೆ ಹುಡುಗಿಯ ಅಪ್ಪನ ಮಾತಿನ ಮುಂದೆ ಡ್ರೈವರ್ ಮಾತು ಎಷ್ಟು ನಿಂತೀತು? ಹಗುರವಾದದ್ದು ಮೆತ್ತಗಿರುತ್ತದೆ ಎಂದು ನನಗೂ ಅನ್ನಿಸಿತು. ಮೂಟೆ ಇಳಿಸಿದೆವು. ಹುಲ್ಲಿನ ಮೇಲೆ ಕುಂಬಾರರ ಮನೆಯಿಂದ ತಂದಿದ್ದ ಮಡಕೆ ಜೋಡಿಸಿ ನಾನೂ ಅಕ್ಕನೂ ಎರಡು ಪಕ್ಕ ಹಿಡಿದು ಕೂತೆವು. ಊರು ಬಾಗಿಲ ಮೋರಿ ದಾಟುವಾಗ ಗಾಡಿ ಮೇಕೆಮರಿಯಂತೆ ನೆಗೆಯಿತು. ಎರಡು ಮಡಕೆ ಒಂದಕ್ಕೊಂದು ತಾಗಿದವು.

"ಓಯ್ತು ಕಣೆ. ಇವ್ಳ್ ಮದ್ವೇಲೂ ಓಯ್ತು" ಎಂದಳು ಅಕ್ಕ, ಮೆಲ್ಲಗೆ.

ಯಜಮಾನರು ಗಾಡಿ ನಿಲ್ಲಿಸಿ ಹಿಂದಕ್ಕೆ ಹತ್ತಿ ಬಂದರು. ಒಂದೊಂದೇ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಬಿರುಕಿದ್ದರೆ ದನಿ ಒಡೆದು ಬರುತ್ತದೆ. ಎಲ್ಲವೂ ಖಣ್ ಖಣ್ ಎಂದವು. ಇಳಿದು ಹೋಗಿ ಗಾಡಿಯನ್ನು ಮನೆಗೆ ಹಿಂದಕ್ಕೆ ತಂದರು. ಮಡಕೆಗಳನ್ನು ಜಗುಲಿಗೆ ಇಳಿಸಿಕೊಂಡೆವು. ಭಾವ ತಾವಾಗಿಯೇ ಪಂಚೆ ಎತ್ತಿ ಕಟ್ಟಿ ಮೂಟೆಗೆ ಹೆಗಲು ಕೊಟ್ಟರು.

ಆಮೇಲಿನ ದಾರಿಯನ್ನು ಏನೆಂದು ಹೇಳಲಿ! ಹುಣಸೂರು ದಾಟಿದ ಮೇಲಿನ ರಸ್ತೆಯಲ್ಲಿ ಟಾರಿಗಿಂತ ಗುಂಡಿಯೇ ಹೆಚ್ಚು. ಗಾಡಿ ಪ್ರತಿ ಗುಂಡಿಗೂ ಇಳಿಯಿತು, ಎದ್ದಿತು, ಕೂತಿತು. ನನಗೆ ಮನೆ ನಡೆಸುವುದೇ ನೆನಪಾಯಿತು. ಹಳ್ಳ ಬರದ ಸಂಸಾರ ಯಾವುದು? ಪೆಟ್ಟು ಬಿದ್ದಾಗ ಯಾರಾದರೂ ಒಬ್ಬರು ಚಿಮ್ಮಿಯೇ ಚಿಮ್ಮುತ್ತಾರೆ. ನಮ್ಮಲ್ಲಿ ಅದು ನಾನು. ಎರಡನೆಯ ನೆಗೆತಕ್ಕೆ ಬಿಡದೆ ಹಿಡಿದು ಕೂರಿಸುವವರು ಒಬ್ಬರಿದ್ದರೆ ಮಡಕೆ ಉಳಿಯುತ್ತದೆ. ಹಾಗೆ ಹಿಡಿಯುವುದಕ್ಕೂ ಮೇಲೊಂದಿಷ್ಟು ಹೊರೆ ಇರಬೇಕು ಎನ್ನುವುದು ಇವತ್ತು ಹೊಸದಾಗಿ ತಿಳಿಯಿತು. ಹೊರೆಯೆಲ್ಲ ಇಳಿದರೆ ಹಾಯಾಗಿರುತ್ತೇನೆ ಎಂದು ಇಷ್ಟು ವರ್ಷ ಗೊಣಗಿದ್ದೇನೆ. ಇನ್ನು ಸ್ವಲ್ಪ ಕಡಿಮೆ ಗೊಣಗಬೇಕು.

ಅಕ್ಕನ ಮನೆ ತಲುಪಿದಾಗ ಅವಳು ತಾನೇ ಒಂದೊಂದನ್ನೂ ತಟ್ಟಿ ನೋಡಿ ಒಳಗಿಟ್ಟಳು. ಎಲ್ಲವೂ ಸರಿಯಾಗಿದ್ದವು. ಯಜಮಾನರು ಗಾಡಿಯ ಅಡಿಗೆ ಬಗ್ಗಿ ನನ್ನನ್ನೂ ಕರೆದು ತೋರಿಸಿದರು: ಕೆಂಪು ದೂಳು ಮೆತ್ತಿದ್ದರೂ ಕೊಳವೆಗಳು ಒಣಗಿದ್ದವು. ಭಾವನೂ ಬಗ್ಗಿ ನೋಡಿದರು.

"ಇದ್ಕೆ ಡೂಪ್ಲಿಕೇಟ್ ಅಂತ ಎಸ್ರಿಟ್ಟೋನು ನಾನೇ. ಅದ ಮರ್ತ್ಬುಡಿ" ಎಂದರು.

ನಮ್ಮವರು ನಕ್ಕು ಕೈ ಒರೆಸಿಕೊಂಡರು. ನಾಲ್ಕು ಜನರೆದುರು ಗಂಡನನ್ನು ಹೊಗಳುವ ಅಭ್ಯಾಸ ನನಗಿಲ್ಲ. ಸೆರಗಿನಿಂದ ಗಾಡಿಯ ಕನ್ನಡಿ ಒರೆಸಿದೆ.

ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳು ಬಸ್ಸಾರು, ಅನ್ನ, ಮಜ್ಜಿಗೆ. ಕೈ ತೊಳೆದು ಬಂದು ನೋಡಿದರೆ ಅಕ್ಕ ಮಡಕೆಗಳ ಪಕ್ಕ ಗೋಡೆಗೊರಗಿ, ಎಲೆಯಡಿಕೆ ಬಾಯಲ್ಲಿರುವಾಗಲೇ ನಿದ್ದೆ ಹೋಗಿದ್ದಳು. ಇವತ್ತು ಎಲ್ಲರಿಗಿಂತ ಮೊದಲು ಮಲಗಿದವಳು ಅವಳೇ.