ಹೊರಗಿನವಳಿಗೆ ಸಿಕ್ಕ ಕೋಟು

ಸಿರಿ, ಚಿರಂತ್,

ಈ ಚಳಿಗಾಲದ ಶುರುವಿನಲ್ಲಿ ಒಂದು ಬೆಳಗ್ಗೆ ತುಮಕೂರಲ್ಲಿ ನಿಮ್ಮ ಮರಳೂರಿನ ಮನೆಯ ಗೇಟಿನ ಹೊರಗೆ ನೋಡಿ ಗಾಬರಿಯಾದೆ. ಮಂಜು ಬಿದ್ದಿತ್ತು. ಆ ಚಳಿಯಲ್ಲಿ ನನ್ನ ವಯಸ್ಸಿನ ಹೆಂಗಸರು ಸೀರೆಯ ಕೆಳಗೆ ಬೂಟು ಹಾಕಿ, ಕಿವಿ ಮುಚ್ಚುವಂತೆ ಉಣ್ಣೆಯ ಟೋಪಿ ಎಳೆದುಕೊಂಡು, ರಸ್ತೆಯಲ್ಲಿ ಬಿರಬಿರನೆ ಹೋಗುತ್ತಿದ್ದರು. ಯಾರಿಗೋ ಏನೋ ಆಗಿದೆ, ಆಸ್ಪತ್ರೆಗೆ ಓಡುತ್ತಿದ್ದಾರೆ ಅಂದುಕೊಂಡೆ. ನಿಮ್ಮಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಅವಸರದಲ್ಲಿ ನಡೆಯುವವರನ್ನು ಕಂಡರೆ ನನಗೆ ಬೇರೇನೂ ತೋಚುತ್ತಿರಲಿಲ್ಲ.

"ಅವ್ರು ವಾಕಿಂಗ್ ಮಾಡ್ತಿರೋದು ಅಜ್ಜಿ" ಎಂದು ಸಿರಿ ನನ್ನ ಕೈ ಹಿಡಿದು ಒಳಗೆ ಕರೆತಂದಳು.

ಗುಬ್ಬಿ ಕಡೆಯ ನಮ್ಮೂರಿಗೂ ತುಮಕೂರಿಗೂ ದೂರ ಹೆಚ್ಚಿಲ್ಲ. ಆದರೆ ಚಳಿ ಬೇರೆ. ನಮ್ಮೂರಲ್ಲಿ ಚಳಿ ಮನೆಯ ಹೊರಗೆ ಇರುತ್ತದೆ. ಬಚ್ಚಲ ಹಂಡೆಯ ಒಲೆಗೆ ಒಣಗಿದ ತೆಂಗಿನ ಮಟ್ಟೆ ತುರುಕಿ ಮುಂದೆ ಕೂತರೆ ಮೈ ಬೆಚ್ಚಗಾಗುತ್ತದೆ. ಹೊರಗೆ ಹೋಗುವುದಾದರೆ ಕಂಬಳಿಯನ್ನು ತಲೆಯ ಮೇಲಿಂದ ಮಡಿಸಿ ಕೊಪ್ಪೆ ಹಾಕಿಕೊಳ್ಳುತ್ತೇವೆ. ಇಲ್ಲಿ ಚಳಿ ನೆಲದ ಟೈಲ್ಸಿನಿಂದಲೇ ಏಳುತ್ತದೆ. ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ, ಬೆಂಕಿ ಎಲ್ಲೂ ಕಾಣುವುದಿಲ್ಲ. ಊರಲ್ಲಿ ಒಲೆಯ ಮುಂದೆ ಅತ್ತರೆ ಹೊಗೆ ಅನ್ನಬಹುದು. ಇಲ್ಲಿ ಅದಕ್ಕೂ ನೆಪವಿಲ್ಲ.

ನಾನು ಕೊಪ್ಪೆ ಹಾಕಿಕೊಂಡೇ ನಿಮ್ಮನ್ನು ಸ್ಕೂಲ್ ವ್ಯಾನಿನವರೆಗೆ ಬಿಟ್ಟು ಬರುತ್ತಿದ್ದೆ. ಒಂದು ದಿನ ಚಿರಂತ್ ಹೇಳಿದ: "ಅಜ್ಜಿ, ಕಂಬ್ಳಿ ಬೇಡ. ಡ್ರೈವರ್ ಅಂಕಲ್ಲು, ನಿಮ್ಮನೇಲಿ ಕರಡಿ ಸಾಕಿದೀರೇನೋ ಅಂತಾರೆ."

ಸಿರಿಗೆ ನಗು ಬಂತು. ಅವಳು ನಕ್ಕಿದ್ದು ನೋಡಿ ಎಷ್ಟೋ ದಿನವಾಗಿತ್ತು. ಆಗ ಅವಳು ನನಗೆ ಪಾಠ ಮಾಡಿದಳು. ಒಳಗೆ ತೆಳ್ಳಗಿನ ಬನಿಯನ್, ಮೇಲೆ ಉದ್ದ ತೋಳಿನ ರವಿಕೆ, ಕಾಲಿಗೆ ಚಪ್ಪಲಿ ಮೆಟ್ಟಲು ಹೆಬ್ಬೆರಳು ಬೇರೆಯಿರುವ ಸಾಕ್ಸು, ಸೆರಗು ಬಿಗಿಯಾಗಿ ಸುತ್ತಿ ಅದರ ಮೇಲೆ ಸ್ವೆಟರು. ಇದಕ್ಕೆ ಲೇಯರಿಂಗ್ ಅನ್ನಬೇಕಂತೆ.

"ಈರುಳ್ಳಿ ಥರ ಅಜ್ಜಿ. ಅಮ್ಮ ಹೀಗೇ ಹಾಕ್ಕೋತಿದ್ದಿದ್ದು."

ಹೌದು, ನಿಮ್ಮಮ್ಮನಿಗೆ ಚಳಿಗಾಲವೆಂದರೆ ಸಡಗರ. ಸೀರೆಯ ಬಣ್ಣಕ್ಕೆ ಹೊಂದುವ ಸ್ಕಾರ್ಫು ಕಟ್ಟಿ, ಮಂಡಿಯವರೆಗಿನ ಕೋಟು ತೊಟ್ಟು ಸ್ಕೂಟರಿನಲ್ಲಿ ಆಫೀಸಿಗೆ ಹೊರಟರೆ ನನ್ನ ಮಗಳೇನಾ ಇವಳು ಅನ್ನಿಸುತ್ತಿತ್ತು. ಅವಳ ಬಟ್ಟೆಗಳನ್ನೆಲ್ಲ ಪದ್ಧತಿಯಂತೆ ಕಾರ್ಯ ಮುಗಿದ ಮೇಲೆ ಕೊಟ್ಟುಬಿಟ್ಟಿದ್ದೆವು. ಏನೂ ಉಳಿದಿಲ್ಲವೆಂದೇ ತಿಳಿದಿದ್ದೆವು.

ಅಷ್ಟರಲ್ಲಿ ಡ್ರೈಕ್ಲೀನಿಂಗ್ ಅಂಗಡಿಯಿಂದ ಫೋನು ಬಂತು. "ಮೇಡಂ ಕೋಟ್ ಕೊಟ್ಟು ಬಹಳ ದಿನ ಆಯ್ತು. ಚಳಿ ಬಂತಲ್ಲ, ತಗೊಂಡ್ ಹೋಗೋಕೆ ಹೇಳಿ." ನಿಮ್ಮಮ್ಮ ಆ ಜ್ವರ ಬಂದು ಆಸ್ಪತ್ರೆ ಸೇರುವ ಮುಂಚೆಯೇ ಕೊಟ್ಟಿದ್ದಳಂತೆ. ನಿಮ್ಮಪ್ಪ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ನಾನೇ ಹೋಗಿ ತಂದೆ. ನೇರಳೆ ಹಣ್ಣಿನ ಬಣ್ಣದ ಅದೇ ಕೋಟು. ಜೇಬಿನಲ್ಲಿದ್ದ ಎರಡು ಪೆಪ್ಪರ್‌ಮಿಂಟನ್ನು ಅಂಗಡಿಯವನು ಚಿಕ್ಕ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ. ಮನೆಗೆ ಬಂದ ಕೂಡಲೇ ಚಿರಂತ್ ಒಂದನ್ನು ಬಾಯಿಗೆ ಹಾಕಿಕೊಂಡ. ಇನ್ನೊಂದನ್ನು ನಾನು ಮತ್ತೆ ಜೇಬಿಗೇ ಹಾಕಿದೆ. ಆಮೇಲೆ ದಿನವೂ ಸ್ಕೂಲಿನಿಂದ ಬಂದವನು ಮೊದಲು ಆ ಕೋಟಿನ ಜೇಬಿಗೆ ಕೈ ಹಾಕಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ.

ಸಂಕ್ರಾಂತಿಗೆ ನಿಮ್ಮಪ್ಪನ ತಾಯಿ, ಕುಣಿಗಲ್ ಅಜ್ಜಿ, ಬಂದರು. ಬಾಗಿಲ ಹಿಂದೆ ಕೋಟು ನೋಡಿದರು.

"ಸತ್ತೋರ ಬಟ್ಟೆ ಮನೇಲಿ ನೇತಾಕಿದೀರಲ್ಲ ಬೀಗ್ರೇ. ಮಕ್ಳಿರೋ ಮನೆ. ಯಾರ್ಗಾದ್ರೂ ಕೊಟ್ಬುಡಿ."

"ಮುಂದೆ ಸಿರಿಗಾಗುತ್ತೆ ಅಂತ..."

"ಮನೆಯೋರು ಹಾಕ್ಕೋಬಾರ್ದು. ಹೊರಗಿನೋರ್ಗೇ ಕೊಡ್ಬೇಕು. ನಿಮ್ಗೆ ಗೊತ್ತಿಲ್ದೇ ಇರೋದಾ?"

ಗೊತ್ತಿತ್ತು. ನಿಮ್ಮ ತಾತನ ಬಟ್ಟೆಗಳನ್ನು ಮೂಟೆ ಕಟ್ಟಿ ಕೊಟ್ಟವಳು ನಾನೇ. ಕುಣಿಗಲ್ ಅಜ್ಜಿಯ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವರೂ ಸೊಸೆಗಾಗಿ ಅತ್ತವರು, ನಿಮಗೆ ಕೇಡಾಗಬಾರದೆಂದು ಹೇಳಿದವರು. ಚಿರಂತ್ ಮಾತ್ರ ಕೋಟಿನ ತೋಳನ್ನು ಎರಡೂ ಕೈಯಲ್ಲಿ ಹಿಡಿದು "ಕೊಡಲ್ಲ" ಎಂದ.

ಬೀಗರ ಮುಂದೆ ನಾನು ಎಂದೂ ದನಿ ಎತ್ತಿದವಳಲ್ಲ. ಅವತ್ತು ನೆಲ ನೋಡುತ್ತಲೇ ಹೇಳಿದೆ.

"ಹಂಗಾದ್ರೆ ನಂಗೇ ಕೊಟ್ಬಿಡಿ."

"ನೀವೇನು ಹೊರಗಿನೋರಾ?"

"ಹೆಣ್ಣು ಕೊಟ್ಟೋಳು. ಈ ಮನೆಗೆ ಹೊರಗಿನೋಳೇ ಅಲ್ವಾ."

ನಿಮ್ಮಪ್ಪ "ಅತ್ತೆ" ಅಂದರು. ಕುಣಿಗಲ್ ಅಜ್ಜಿ ಕೋಟನ್ನು ಇಳಿಸಿ ನನ್ನ ಕೈಗೆ ಕೊಟ್ಟರು.

ಮರುದಿನ ಸಿರಿ ನನಗೆ ಅದನ್ನು ತೊಡಿಸಿ, ತನ್ನ ಬೂದು ಬಣ್ಣದ ಸ್ಕಾರ್ಫು ಕಟ್ಟಿದಳು. ನಿಮ್ಮ ತಾತ ಹೋದಂದಿನಿಂದ ನಾನು ಬಣ್ಣ ನೋಡಿ ಉಟ್ಟವಳಲ್ಲ. ವ್ಯಾನಿನ ಡ್ರೈವರ್ "ಏನ್ ಚಿರಂತು, ಕರಡಿ ಎಲ್ಲೋಯ್ತು?" ಎಂದ. ವ್ಯಾನು ಹತ್ತುವವರೆಗೂ ಚಿರಂತನ ಕೈ ನನ್ನ ಜೇಬಿನಲ್ಲೇ ಇತ್ತು. ಆ ಕೋಟಿನಷ್ಟು ಬೆಚ್ಚಗಿನದನ್ನು ನಾನು ತೊಟ್ಟಿರಲಿಲ್ಲ, ಅಷ್ಟು ಭಾರದ್ದನ್ನೂ.

ಅದನ್ನೇ ತೊಟ್ಟು ಒಂದು ದಿನ ಊರಿಗೆ ಹೋಗಿ ಬಂದೆ. ಪಕ್ಕದ ಮನೆಯ ಗೌರಕ್ಕ ಜಗಲಿಯಿಂದಲೇ ಕೇಳಿದಳು: "ಏನಮ್ಮೀ, ತುಮ್ಕೂರ್ ಸೇರಿ ಮೇಡಮ್ಮೋರೇ ಆಗ್ಬುಟ್ಯಲ್ಲ." ಇದು ಮಗಳದ್ದು ಅಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಂಜೆ ಹಂಡೆಯ ಒಲೆಯ ಮುಂದೆ ಕೂತೆ. ಕಿಡಿ ಹಾರಿ ಕೋಟಿಗೆ ಬಿದ್ದೀತೆಂದು ಹಿಂದೆ ಸರಿದೆ. ಇನ್ನೂ ಹಿಂದೆ ಸರಿದೆ. ಕೊನೆಗೆ ಬೆಂಕಿ ಇದ್ದೂ ಕಾಲು ತಣ್ಣಗೇ ಉಳಿಯಿತು.

ನಾನು ಆಡಿದ ಮಾತು ಈಗ ನನಗೇ ತಿರುಗಿ ಬಂದಿದೆ. ಹೊರಗಿನವರನ್ನು ಎಷ್ಟು ದಿನ ಕಷ್ಟಪಡಿಸುವುದು ಎಂದು ಕುಣಿಗಲ್ ಅಜ್ಜಿ ನಿಮ್ಮಪ್ಪನಿಗೆ ಹೇಳಿದ್ದಾರೆ. ನಿಮ್ಮ ಪರೀಕ್ಷೆ ಮುಗಿದ ಮೇಲೆ ಅವರೇ ಬಂದು ಇರುತ್ತಾರೆ. ನಾನು ಊರಿಗೆ ಹೋಗಬೇಕು. ಅವರು ಹೇಳಿದ್ದು ತಪ್ಪಲ್ಲ. ಇಲ್ಲೇ ಇರುತ್ತೇನೆ ಎಂದು ಕೇಳಲು ನನಗೆ ಈಗ ಬಾಯಿಲ್ಲ. ಅಲ್ಲಿಗೆ ಹೋದರೆ ವ್ಯಾನು ಬರುವ ಹೊತ್ತಿಗೆ ಎಚ್ಚರವಾಗುತ್ತದೆ, ಇಲ್ಲಿದ್ದರೆ ಒಲೆ ನೆನಪಾಗುತ್ತದೆ.

ಕೋಟನ್ನು ಸಿರಿಯ ಬೀರುವಿನಲ್ಲಿ ತೂಗುಹಾಕಿ ಹೋಗುತ್ತೇನೆ. ಇದು ಈಗ ತೀರಿಕೊಂಡವರ ಬಟ್ಟೆಯಲ್ಲ. ಬದುಕಿರುವ ಅಜ್ಜಿ ಮೊಮ್ಮಗಳಿಗೆ ಕೊಟ್ಟದ್ದು, ಯಾರೂ ಬೇಡ ಅನ್ನುವಂತಿಲ್ಲ. ತೋಳು ಉದ್ದವಾದರೆ ಮಡಿಸಿಕೋ ಸಿರಿ, ಕತ್ತರಿಸಬೇಡ. ಚಿರಂತ್ ಜೇಬಿಗೆ ಕೈ ಹಾಕಿದರೆ ಬೈಯಬೇಡ. ಉಳಿದ ಪೆಪ್ಪರ್‌ಮಿಂಟ್ ಬಲಗಡೆ ಇದೆ. ಈ ಹಾಳೆಗಳು ಒಳಜೇಬಿನಲ್ಲಿವೆ. ಕೋಟನ್ನು ಒಗೆಯಲು ಕೊಡುವ ಮುಂಚೆ ಮರೆಯದೆ ತೆಗೆದಿಟ್ಟುಕೊಳ್ಳಿ ಮಕ್ಕಳೇ, ಒದ್ದೆಯಾದರೆ ನನ್ನ ಅಕ್ಷರ ನಿಲ್ಲುವುದಿಲ್ಲ.