ಕೂಸು ಧಾರವಾಡದಲ್ಲಿ, ನಾನು ಹುಬ್ಬಳ್ಳಿಯಲ್ಲಿ

ಅಂಟಿನ ಉಂಡಿ ಕಟ್ಟುವಾಗ ಹೊಟ್ಟೆ ಹಿಡಿಯಿತು.

ನನ್ನ ಮಗಳು ರೂತ್‌ಗೆ ದಿನ ತುಂಬಿತ್ತು. ಚೊಚ್ಚಲ ಹೆರಿಗೆ, ತವರಿನ ಪಾಲು. ಲಕಮನಹಳ್ಳಿಯ ನಮ್ಮ ಮನೆಯಲ್ಲಿ ಬಾಣಂತಿಗೆ ಬೇಕಾದ ಉಂಡಿ ಮಾಡುತ್ತಿದ್ದೆ. ತುಪ್ಪದಲ್ಲಿ ಹುರಿದ ಅಂಟನ್ನು ಚೂರು ಬಾಯಿಗೆ ಹಾಕಿಕೊಂಡಿದ್ದೆ, ಅದೇ ಕಾಡುತ್ತಿದೆ ಎಂದುಕೊಂಡು ಅಜವಾನದ ನೀರು ಕುಡಿದೆ. ನೋವು ಹೊಕ್ಕುಳಿನಿಂದ ಬಲಗಡೆಗೆ ಇಳಿಯಿತು. ಯಾರಿಗೂ ಹೇಳಲಿಲ್ಲ. ಮಗಳಿಗೆ ನೋವು ಬರುವ ಹೊತ್ತಿನಲ್ಲಿ ತಾಯಿ ತನ್ನ ನೋವು ಹೇಳಿಕೊಂಡು ಕೂರುವುದೇ?

ಮರುದಿನ ಅಳಿಯ ರೂತ್‌ಳನ್ನು ಕಾರಿನಲ್ಲಿ ಧಾರವಾಡದ ಆಸ್ಪತ್ರೆಗೆ ಕರೆದುಕೊಂಡು ಹೋದ. ಹಿಂದೆಯೇ ಹೊರಡಬೇಕೆಂದು ಚೀಲ ಎತ್ತಿದವಳು ಹೊಸ್ತಿಲ ಮೇಲೇ ಕುಸಿದೆ.

ಅವಳು ಧಾರವಾಡಕ್ಕೆ. ನಾನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ.

ಸ್ಕ್ಯಾನಿಂಗ್ ಮಾಡಿದರು. ಅಪೆಂಡಿಕ್ಸ್ ಒಡೆದಿದೆ, ಕೀವು ಹೊಟ್ಟೆಯೊಳಗೆ ಹರಡಿದೆ, ಈಗಲೇ ಆಪರೇಷನ್ ಎಂದರು. ನಮ್ಮ ಮನೆಯವರು ಜೀವಮಾನವೆಲ್ಲಾ ಕಾರ್ಖಾನೆಯಲ್ಲಿ ಲೇಥ್ ಮುಂದೆ ನಿಂತವರು. ಅಂದು ಒಪ್ಪಿಗೆ ಪತ್ರದಲ್ಲಿ ನನ್ನ ಹೆಸರು ಬರೆಯುವಲ್ಲಿ ತಮ್ಮ ಹೆಸರು ಬರೆದರು.

ಎಚ್ಚರವಾದಾಗ ಮೂಗಿನಲ್ಲೊಂದು ಪೈಪು, ಹೊಟ್ಟೆಯ ಪಕ್ಕದಲ್ಲೊಂದು. ಮನೆಯವರು ಕಿವಿಯ ಹತ್ತಿರ ಬಾಗಿದರು.

"ರೂತ್‌ಗ ಸಿಸೇರಿಯನ್ ಆತು. ಹೆಣ್ಣು ಕೂಸು. ಇಬ್ಬರೂ ಅರಾಮ ಅದಾರ. ನೀ ಅಜ್ಜಿ ಆದಿ."

ಅಜ್ಜಿ ಆದೆ! ನಗಲು ಹೋದರೆ ಹೊಲಿಗೆ ಎಳೆಯಿತು. ಅಳಲು ಹೋದರೆ ಗಂಟಲಲ್ಲಿ ಪೈಪು ಚುಚ್ಚಿತು. ಅಷ್ಟು ದೊಡ್ಡ ಸಂತೋಷವನ್ನು ಸುಮ್ಮನೆ ಮಲಗಿಕೊಂಡೇ ಪಡಬೇಕಾಯಿತು.

ಬಾಣಂತಿಗೆ ಕೆಟ್ಟ ಸುದ್ದಿ ಹೇಳಿದರೆ ಎದೆಹಾಲು ನಿಲ್ಲುತ್ತದೆ ಎಂಬ ಹೆದರಿಕೆ ನಮ್ಮಲ್ಲಿ. ಅದಕ್ಕೇ ನಾನು ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದೇನೆ ಎಂದು ರೂತ್‌ಗೆ ಹೇಳಿದ್ದರು. ನಾನೂ ಹೂಂ ಎಂದೆ. ಹಾಗಾದರೆ ಫೋನಿನಲ್ಲಾದರೂ ಮಾತಾಡಲಿ ಎಂದಳಂತೆ. ಹೇಗೆ ಮಾತಾಡಲಿ? ಪೈಪು ಹಾಕಿದ ಮೂಗಿನಿಂದ ಬರುವ ದನಿ ನನಗೇ ಗುರುತು ಸಿಗುತ್ತಿರಲಿಲ್ಲ. ಒಂದು ಮಾತಿನಲ್ಲಿ ಅವಳು ಹಿಡಿದುಬಿಡುತ್ತಿದ್ದಳು. ಫೋನು ಬೇಡವೆಂದು ಕೈಯಾಡಿಸಿದೆ.

ಮನೆಯವರು ಧಾರವಾಡಕ್ಕೆ ಹೋಗಿ ಬಂದವರು ನನ್ನ ಮುಖ ನೋಡದೆ ಹತ್ತಿ ನೆನೆಸಿ ತುಟಿ ಒರೆಸತೊಡಗಿದರು. ಬಾಯಿಗೆ ನೀರು ಕೊಡುವಂತಿರಲಿಲ್ಲ.

"ಏನಂದಳು?" ಎಂದು ಕೈಸನ್ನೆ ಮಾಡಿದೆ.

"ಕಾಲು ಉಳುಕಿದ್ರ ಬಾಯಿನೂ ಉಳುಕತೈತೇನು ಅಂದ್ಲು."

ಅವರ ಕೈ ಹಿಡಿದೆ. ಇನ್ನೂ ಏನೋ ಇತ್ತು.

"ಹೆಣ್ಣು ಹುಟ್ಟೇತಂತ ಅವ್ವಗ ಸಿಟ್ಟು ಬಂದೈತೇನು ಅಂತ ಕೇಳಿದ್ಲು."

ಅಂದಿನಿಂದ ವಾರ್ಡು ಬಲು ದೊಡ್ಡದಾಯಿತು. ಜನ ಬರುತ್ತಿದ್ದರು, ಇಲ್ಲವೆನ್ನಲಾರೆ. ಡ್ರಿಪ್ ನೋಡುತ್ತಿದ್ದರು, ಅರಾಮ ಆಗತೈತಿ ಎನ್ನುತ್ತಿದ್ದರು, ಬೆಲ್ ಹೊಡೆದ ಕೂಡಲೇ ಹೋಗುತ್ತಿದ್ದರು. ಪಕ್ಕದ ಮಂಚದಲ್ಲಿ ಸುಳ್ಳ ಎಂಬ ಹಳ್ಳಿಯ ಒಬ್ಬ ಹೆಂಗಸು. ಅವಳ ಮಗಳು ದಿನಾ ಅವಳ ತಲೆ ಬಾಚುತ್ತಿದ್ದಳು. ಆ ಹೊತ್ತಿಗೆ ನಾನು ಗೋಡೆಯ ಕಡೆ ಮುಖ ಮಾಡುತ್ತಿದ್ದೆ. ಮೊಮ್ಮಗಳು ಹುಟ್ಟಿದ್ದಾಳೆ, ಮೈಯೆಲ್ಲಾ ಕುಣಿಯುತ್ತಿದೆ, ಆದರೆ ಆ ಮಾತನ್ನು ಯಾರಿಗೆ ಹೇಳಬೇಕೋ ಅವಳೊಬ್ಬಳಿಗೇ ಹೇಳುವಂತಿಲ್ಲ.

ರೂತ್‌ಳ ಅತ್ತೆ, ನನ್ನ ಬೀಗತಿ, ನವನಗರದಿಂದ ಬಂದು ನನ್ನ ಮನೆಯಲ್ಲೇ ಅಡುಗೆ ಮಾಡಿ ಧಾರವಾಡಕ್ಕೆ ಒಯ್ಯುತ್ತಿದ್ದರು. ಬೀಗತಿ ಎಂದರೆ ಕೂಡಿಸಿ ಉಣ್ಣಿಸಬೇಕಾದವರು. ಅವರು ನನ್ನ ಪಾತ್ರೆ ತಿಕ್ಕುತ್ತಿದ್ದರು. ಒಂದು ದಿನ ನನ್ನನ್ನು ನೋಡಲು ಬಂದರು.

"ಬೀಗತೀರ, ನಿಮ್ಮ ಅಡಗಿಮನ್ಯಾಗ ಉಪ್ಪಿನ ಡಬ್ಬಿ ಹುಡುಕೂದ್ರಾಗ ನನ್ನ ಅರ್ಧಾ ಆಯುಷ್ಯ ಹೋತ್ರಿ. ಲಗೂ ಎದ್ದು ಬರ್ರಿ." ಆಮೇಲೆ ದನಿ ತಗ್ಗಿಸಿದರು. "ಹುಡುಗಿ ಗೋಡಿ ಕಡೆ ತಿರುಗಿ ಮಲಗತಾಳ್ರಿ. ಈ ಪೈಪ್ ಯಾವಾಗ ತೆಗೀತಾರ?"

ಕರುಳು ಕೆಲಸ ಶುರು ಮಾಡಬೇಕು, ಗಾಳಿ ಹೋಗಬೇಕು, ಆಮೇಲೆ ಪೈಪು. ಡಾಕ್ಟರ್ ರೌಂಡ್ಸ್‌ಗೆ ಬಂದಾಗಲೆಲ್ಲಾ ದೊಡ್ಡ ದನಿಯಲ್ಲಿ ಕೇಳುತ್ತಿದ್ದರು, "ಅಜ್ಜಿ, ಗಾಳಿ ಹೋತೇನ್ರಿ?" ಚರ್ಚಿನಲ್ಲಿ ಹೆಂಗಸರ ಮುಂದಿನ ಸಾಲಿನಲ್ಲಿ ಕೂರುವವಳು ನಾನು. ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದೆ. ಆದರೆ ಒಳಗೊಳಗೆ ಅದಕ್ಕೇ ಬೇಡಿಕೊಳ್ಳುತ್ತಿದ್ದೆ. ದೇವರ ಮುಂದೆ ಇಂಥದ್ದನ್ನು ಹಿಂದೆಂದೂ ಕೇಳಿರಲಿಲ್ಲ.

ನಮ್ಮ ಪಾಸ್ಟರ್ ಬಂದರು. ಅವರ ಪ್ರಾರ್ಥನೆ ಉದ್ದ. ಎಲ್ಲರೂ ಕಣ್ಣು ಮುಚ್ಚಿದೆವು. ನನಗಾಗಿ, ಕೂಸಿಗಾಗಿ, ಡಾಕ್ಟರಿಗಾಗಿ, ವಾರ್ಡಿನವರೆಲ್ಲರಿಗಾಗಿ ಬೇಡುತ್ತಿದ್ದರು.

ಆಗಲೇ ಹೋಯಿತು.

ತಡೆಯಲಾಗಲಿಲ್ಲ. ಸದ್ದೂ ಸಣ್ಣದಲ್ಲ. ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡೇ ಕೂಗಿದರು: "ದೇವರಿಗೆ ಸ್ತೋತ್ರ!"

"ಆಮೆನ್" ಎಂದು ಪಾಸ್ಟರ್ ಅಲ್ಲಿಗೇ ಮುಗಿಸಿದರು. ಸುಳ್ಳದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಯಕ್ಕಾ, ಇನ್ನ ನಿನಗ ನೀರು ಕೊಡ್ತಾರ ಬಿಡು!" ನಾನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಅತ್ತುಬಿಟ್ಟೆ.

ಡಾಕ್ಟರ್ ಬಂದು ಹೊಟ್ಟೆಗೆ ಸ್ಟೆಥೊಸ್ಕೋಪ್ ಇಟ್ಟು ಕೇಳಿ ತಲೆಯಾಡಿಸಿದರು. ಮೂಗಿನ ಪೈಪು ತೆಗೆದರು. ಎರಡು ಗುಟುಕು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಫೋನು ಹಚ್ಚಿಕೊಡಿ ಎಂದೆ.

"ಏನವ್ವಾ, ಕಾಲು ಹೆಂಗೈತಿ?" ರೂತ್‌ಳ ದನಿ ಯಾರೋ ಬೇರೆಯವರ ಜೊತೆ ಮಾತಾಡಿದಂತಿತ್ತು.

ಸುಳ್ಳನ್ನೇ ಮುಂದುವರಿಸಬೇಕೆಂದು ಮನೆಯವರ ಜೊತೆ ಮಾತಾಗಿತ್ತು. ಆಗಲಿಲ್ಲ. "ಕಾಲು ಛಲೋ ಐತಿ. ಹೊಟ್ಟಿ ಕೊಯ್ದಾರ" ಎಂದುಬಿಟ್ಟೆ. ಮನೆಯವರು ಹಣೆ ಹಿಡಿದುಕೊಂಡರು. ಎಲ್ಲವನ್ನೂ ಹೇಳಿದೆ. "ಹೆಣ್ಣಂತ ನನಗ ಸಿಟ್ಟು ಬರ್ತೈತೇನ ಹುಚ್ಚಿ? ನೀ ಹುಟ್ಟಿದಾಗ ಓಣಿಗೆಲ್ಲಾ ಸಕ್ಕರಿ ಹಂಚಿದಾಕಿ ನಾ."

ರೂತ್ ಒಮ್ಮೆಲೇ ಜೋರಾಗಿ ಅತ್ತಳು. "ನನಗ ಹೇಳಬೇಕಿಲ್ಲೇನು? ನಾ ಹೊರಗಿನಾಕಿ ಆದ್ನೇನು?" ಹಾಲು ನಿಂತೀತು, ಅಳಬ್ಯಾಡ ಎಂದು ನಾನು ಅಂಗಲಾಚುತ್ತಿದ್ದರೆ ಹಿಂದಿನಿಂದ ಬೀಗತಿಯ ದನಿ ಕೇಳಿತು.

"ಅಳಲಿ ಬಿಡ್ರಿ! ಕೂಸು ಕುಡಿಯೂದು ಬಿಟ್ಟಿಲ್ಲ. ಹಾಲು ಏನೂ ನಿಂತಿಲ್ಲ!"

ರೂತ್ ಫೋನನ್ನು ಕೂಸಿನ ಬಾಯಿಯ ಹತ್ತಿರ ಹಿಡಿದಳು. ಚಪ್ ಚಪ್ ಎಂದು ಹಾಲು ಕುಡಿಯುವ ಸದ್ದು. ನನ್ನ ಮೊಮ್ಮಗಳನ್ನು ನಾನು ಮೊದಲು ಕೇಳಿದ್ದು ಹಾಗೆ.

"ನನಗೂ ಕೊಯ್ದಾರ, ನಿನಗೂ ಕೊಯ್ದಾರ" ಎಂದಳು ರೂತ್, ಮೂಗು ಒರೆಸಿಕೊಳ್ಳುತ್ತ. "ಇಕಿನ್ನ ಎತ್ತಾವರು ಯಾರಬೇ?"

"ನಾ ಸತ್ತೇನೇನು?" ಎಂದರು ಬೀಗತಿ.

ಇನ್ನೂ ಇಲ್ಲೇ ಇದ್ದೇನೆ. ಗಾಯ ಒಂದು ಕಡೆ ಒಸರುತ್ತಿದೆ, ಡ್ರೆಸ್ಸಿಂಗ್ ನಡೆದಿದೆ. ಭಾರ ಎತ್ತಬಾರದು ಎಂದಿದ್ದಾರೆ. ಕೂಸೂ ಭಾರವೇ ಎಂದು ಕೇಳಿದೆ, ಹೌದು ಎಂದರು. ಮನೆಯವರು ಈಗ ರೂತ್‌ಳನ್ನು ಮನೆಗೆ ಕರೆತರಲು ಹೋಗಿದ್ದಾರೆ. ಸುಳ್ಳದ ಹೆಂಗಸಿಗೂ ಡಿಸ್ಚಾರ್ಜ್ ಆಯಿತು. ಪಕ್ಕದ ಮಂಚ ಖಾಲಿ. ಬದುಕಿದ್ದೇನಲ್ಲ, ಅಷ್ಟು ಸಾಕು ಎನ್ನುತ್ತೇನೆ. ಆಮೇಲೆ ಸಾಲದು ಎನ್ನಿಸುತ್ತದೆ.

ಕೂಸಿಗೆ ನೀರು ಎರೆಯಬೇಕಾದರೆ ಕಾಲು ಚಾಚಿ ಕೂತು, ಕಾಲ ಮೇಲೆ ಮಲಗಿಸಿಕೊಂಡು, ಮುಂದೆ ಬಾಗಬೇಕು. ಯಾರೂ ಇಲ್ಲದಾಗ ಮಂಚದ ಮೇಲೆ ಹಾಗೆ ಕೂತು ಬಾಗಿ ನೋಡುತ್ತೇನೆ. ಹೊಟ್ಟೆ ಹಿಡಿಯುತ್ತದೆ.

ನಿನ್ನೆಯಷ್ಟಲ್ಲ.