ಎಡಗಾಲಿನ ಅಚ್ಚು

ನಮ್ಮ ಅತ್ತಿಗೆಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಣ್ಣ ಸಂಜೆ ಮನೆಗೆ ಬಂದವನೇ ಮೊದಲು ಬಾಗಿಲ ಬಳಿ ಅವರ ಚಪ್ಪಲಿ ನೋಡುತ್ತಾನೆ. ಜೋಡಿಸಿಟ್ಟಿದ್ದರೆ ಮಾತಾಡಬಹುದು; ದಿಕ್ಕಿಗೊಂದು ಬಿದ್ದಿದ್ದರೆ ಬಾಯಿಗೆ ಬೀಗ. ನಾನು ಅತ್ತಿಗೆಯ ಪರ. ಅವರ ಜಾಗದಲ್ಲಿ ನಾನಿದ್ದಿದ್ದರೆ ಎಂದೋ ಕುರ್ಚಿ ಎತ್ತಿ ಎಸೆಯುತ್ತಿದ್ದೆ.

ಅವರು ಕೆಲಸ ಮಾಡುವುದು ಕಾಲು ಸರಿಯಿಲ್ಲದವರಿಗೆ ಬೂಟು ಹೊಲಿಯುವ ಅಂಗಡಿಯಲ್ಲಿ. ಕಂಪ್ಯೂಟರಿನಲ್ಲಿ ಪಾದದ ಅಚ್ಚು ಮಾಡುತ್ತಾರೆ. ಯಂತ್ರ ಅದನ್ನು ಪ್ಲಾಸ್ಟಿಕ್ಕಿನಲ್ಲಿ ತೆಗೆದುಕೊಡುತ್ತದೆ, ಅದರ ಮೇಲೆ ಚರ್ಮ ಎಳೆದು ಹೊಲಿಯುತ್ತಾರೆ. ಯಾವ ಪಾದವಾದರೂ ಶುರುವಾಗುವುದು ಪರದೆಯ ಮೇಲಿನ ಒಂದು ಡಬ್ಬಿಯಿಂದ. ಎಂಟು ಮೂಲೆ, ಆರು ಮುಖ, ಅಷ್ಟೇ. ಮುಂದಿನ ಮುಖ ಹಿಡಿದು ಎಳೆದರೆ ಡಬ್ಬಿ ಉದ್ದವಾಗುತ್ತದೆ. ಅಡ್ಡಗೆರೆ ಕೊಯ್ದರೆ ಹಿಡಿಯಲು ಹೊಸ ಮೂಲೆಗಳು ಸಿಗುತ್ತವೆ. ಅವನ್ನು ತಳ್ಳಿ, ಜಗ್ಗಿ, ಹಿಮ್ಮಡಿ, ಅಂಗಾಲಿನ ಬಾಗು, ಬೆರಳ ಬುಡ ಮಾಡುತ್ತಾ ಹೋಗಬೇಕು. ಗೆರೆ ಕಡಿಮೆಯಿದ್ದಾಗಲೇ ಆಕಾರ ತಿದ್ದಬೇಕು, ನಯ ಮಾಡುವುದು ಕೊನೆಗೆ. ಮೊದಲೇ ನಯ ಮಾಡಿದರೆ ಒಂದೊಂದು ಮೂಲೆಯೂ ಒಡೆದು ಹತ್ತಾಗಿ, ಲೆಕ್ಕವಿಲ್ಲದಷ್ಟು ಮೂಲೆಗಳ ಹಿಂದೆ ಓಡಬೇಕಾಗುತ್ತದೆ. ಇಷ್ಟನ್ನೂ ಅತ್ತಿಗೆ ಬೈದು ಬೈದೇ ನನ್ನ ತಲೆಗೆ ತುಂಬಿದ್ದು.

ಅಂಗಡಿಯ ಯಜಮಾನನಿಗೆ ಒಂದು ಕೆಟ್ಟ ಚಾಳಿ. ಬಲಗಾಲು ಮುಗಿಯಿತೋ ಇಲ್ಲವೋ, 'ಮಿರರ್' ಒತ್ತಿಬಿಡುತ್ತಾನೆ. ಬಲಗಾಲೇ ಮಗುಚಿಕೊಂಡು ಎಡಗಾಲಾಗುತ್ತದೆ, ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಎರಡು ಕಾಲೂ ಒಂದೇ ಥರ ಇದ್ದವರು ಇವನ ಅಂಗಡಿಗೆ ಯಾಕೆ ಬರುತ್ತಾರೆ ಎಂದು ಅತ್ತಿಗೆ ಎಷ್ಟು ಸಲ ಜಗಳವಾಡಿದ್ದಾರೋ. ಕಲ್ಲಿನ ಮೇಲೆ ನೀರು ಸುರಿದ ಹಾಗೆ.

ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಎರಡು ಬೆರಳು ತೆಗೆಸಿಯಾಗಿದೆ. ಇನ್ನೊಂದು ಗಾಯವಾದರೆ ಪಾದ ಉಳಿಯುವುದಿಲ್ಲ ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು. ಅತ್ತಿಗೆ ಎಡಗಾಲಿಗೆ ಬೇರೆಯೇ ಡಬ್ಬಿ ತೆಗೆದುಕೊಂಡು, ಬೆರಳಿಲ್ಲದ ಕಡೆ ಒಂದೊಂದೇ ಮೂಲೆಯನ್ನು ಒಳಕ್ಕೆ ತಂದು ಅಚ್ಚು ಮಾಡಿದರು. ನಾಲ್ಕು ಸಲ ಅಳಿಸಿ ಮತ್ತೆ ಮಾಡಿದರು.

ಬೂಟು ಬಂತು, ಅತ್ತಿಗೆ ಪರೀಕ್ಷಿಸುವ ಮೊದಲೇ ಅಮ್ಮ ಹಾಕಿಕೊಂಡು ಓಡಾಡಿದರು. ಒಂದು ಬೆಳಿಗ್ಗೆ ಒಗೆಯಲು ಎತ್ತಿದ ಕಾಲುಚೀಲದಲ್ಲಿ ರಕ್ತ. ಕಾಲು ಮರಗಟ್ಟಿದ್ದ ಅಮ್ಮನಿಗೆ ನೋವೇ ಗೊತ್ತಾಗಿರಲಿಲ್ಲ. ಅತ್ತಿಗೆ ಬೂಟಿನೊಳಗೆ ಕೈ ಹಾಕಿದರು. ಮುಂದೆ ಎರಡು ಬೆರಳಿನಷ್ಟು ಜಾಗ ಖಾಲಿ. ಪಾದ ಜಾರಿ ಜಾರಿ ಉಜ್ಜಿಕೊಂಡಿತ್ತು. ಡಾಕ್ಟರ ಹತ್ತಿರ ಪಟ್ಟಿ ಕಟ್ಟಿಸಿಕೊಂಡು ನಾವು ಮೂವರೂ ನೇರ ಅಂಗಡಿಗೆ ಹೋದೆವು.

"ಮಿರರ್ ಒತ್ತಿದ್ದು ಯಾರು?" ಅತ್ತಿಗೆ ಕೇಳಿದರು.

"ನಾನೇ," ಅಂದ ಯಜಮಾನ. "ನೀನು ಊಟಕ್ಕೆ ಹೋದಾಗ ನಿಮ್ಮತ್ತೆನೇ ಬಂದು ಕೇಳ್ಕೊಂಡ್ರಮ್ಮ, ಎರಡೂ ಒಂದೇ ಥರ ಕಾಣ್ಲಿ ಅಂತ."

ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮೇಲೋ ಅಮ್ಮನ ಮೇಲೋ ಹೇಳಲಾರೆ.

"ಕೇಳಿದ್ರೆ ಕೊಟ್ಬಿಡೋದಾ?" ಅತ್ತಿಗೆ ಮೇಜು ಗುದ್ದಿದರು. "ವಿಷ ಕೇಳಿದ್ರೂ ಕೊಡ್ತಿದ್ರಾ?"

ಅಮ್ಮ ತಲೆ ಎತ್ತಲಿಲ್ಲ. "ಮೋಟು ಬೂಟು ಹಾಕ್ಕೊಂಡ್ರೆ ಎಲ್ರೂ ಕಾಲನ್ನೇ ನೋಡ್ತಾರೆ ಕಣಮ್ಮ."

ಅತ್ತಿಗೆ ಗಿರಾಕಿಗಳ ಎದುರೇ ನೆಲದ ಮೇಲೆ ಕೂತು, ಪಟ್ಟಿ ಕಟ್ಟಿದ ಆ ಪಾದವನ್ನು ಮಡಿಲಿಗೆ ಎಳೆದುಕೊಂಡು, ಅಳತೆ ಟೇಪು ಸುತ್ತಿದರು.

"ನೋಡ್ಲಿ ಬಿಡಿ ಅತ್ತೆ," ಅಂದರು ಹಲ್ಲು ಕಚ್ಚಿ. "ನೋಡೋಕೆ ಕಾಲು ಅಂತ ಒಂದಿರ್ಬೇಕಲ್ಲ."